ವೀಲ್‌ಚೇರಿಂದ ಪದೇ ಪದೇ ಜಾರ್ತಿದ್ದ ಅಜ್ಜಿ: ಒಂದು ಪ್ರಕರಣದ ಪೂರ್ತಿ ವಿವರ

ಮನೆಯವರು ಕೇಳಿದ್ದು ಒಂದೇ, ಗಟ್ಟಿಯಾದ ಬೆಲ್ಟ್ ಬೇಕು ಅಂತ. ವೀಲ್‌ಚೇರಲ್ಲಿ ಕೂರಿಸಿ ಅರ್ಧ ಗಂಟೆ ಆಗೋದ್ರೊಳಗೆ ಅಮ್ಮ ಮುಂದಕ್ಕೆ ಜಾರಿ ಸೀಟಿನ ತುದಿಗೆ ಬಂದುಬಿಡ್ತಾರೆ, ಎಳೆದು ಹಿಂದಕ್ಕೆ ಕೂರಿಸಿದ್ರೆ ಮತ್ತೆ ಅದೇ, ಒಂದು ಸಲ ನೆಲಕ್ಕೇ ಬಿದ್ದೂ ಆಗಿದೆ, ಈಗಿರೋ ಬೆಲ್ಟ್ ಸಾಲ್ತಿಲ್ಲ, ಎದೆಗೂ ಸೇರಿಸಿ ಕಟ್ಟೋ ಥರದ್ದು ಯಾವ್ದಾದ್ರೂ ಇದ್ರೆ ಹೇಳಿ ಅಂದ್ರು ಮಗಳು. ನನ್ನ ಕೆಲಸ ಆಕ್ಯುಪೇಷನಲ್ ಥೆರಪಿ, ಅಂದ್ರೆ ದಿನನಿತ್ಯದ ಕೆಲಸ ತಾವೇ ಮಾಡ್ಕೊಳ್ಳೋಕೆ ನೆರವಾಗೋ ಚಿಕಿತ್ಸೆ, ಅದ್ರಲ್ಲೂ ವೀಲ್‌ಚೇರ್ ಸೀಟಿಂಗ್ ನೋಡೋದು, ಹಾಗಾಗಿ ಬೆಲ್ಟ್ ಬೇಕು ಅಂತ ಬರೋರೇ ಜಾಸ್ತಿ. ಇಲ್ಲಿ ಬರ್ದಿರೋದು ಒಬ್ಬರದ್ದೇ ವಿವರ ಅಲ್ಲ, ಇದೇ ಥರದ ಕೆಲವರಲ್ಲಿ ಕಂಡಿದ್ದನ್ನ ಸೇರಿಸಿ, ಯಾರ ಗುರುತೂ ಸಿಗದ ಹಾಗೆ ಒಬ್ಬ ಅಜ್ಜಿಯ ಪ್ರಕರಣ ಅಂತ ಮಾಡಿದೀನಿ. ಆದ್ರೆ ಜಾರೋ ರೀತಿ, ಅದರ ಕಾರಣ, ಮಾಡಿದ ಬದಲಾವಣೆ ಇವೆಲ್ಲ ದಿನಾ ನೋಡೋವೇ.

ಅಜ್ಜಿಗೆ ಎಪ್ಪತ್ತು ದಾಟಿದೆ. ಸ್ಟ್ರೋಕ್ ಆಗಿ ಬಲಗೈ ಬಲಗಾಲಿನ ಶಕ್ತಿ ಹೋಗಿದೆ, ಜೊತೆಗೆ ಮಾತೂ ಹೋಗಿದೆ, ಅಂದ್ರೆ ನಾವು ಹೇಳೋದು ಬಹುಪಾಲು ಅರ್ಥ ಆಗತ್ತೆ, ತಿರುಗಿ ಹೇಳೋಕೆ ಪದ ಬರಲ್ಲ, ತಲೆ ಆಡಿಸ್ತಾರೆ, ಎಡಗೈಲಿ ತೋರಿಸ್ತಾರೆ, ಕೋಪ ಬಂದ್ರೆ ಮುಖ ತಿರುಗಿಸ್ತಾರೆ. ಎಡಗೈ ಎಡಗಾಲು ಚೆನ್ನಾಗಿವೆ. ಎಡಗಾಲನ್ನ ನೆಲಕ್ಕೆ ಊರಿ ಎಳ್ಕೊಂಡು, ಎಡಗೈಲಿ ಚಕ್ರ ತಿರುಗಿಸಿ ಮನೆಯೊಳಗೆ ತಾವೇ ಓಡಾಡ್ಬೇಕು ಅನ್ನೋ ಆಸೆ ಅವರಿಗೆ ಬಲವಾಗೇ ಇದೆ. ಈ ಮಾತು ರೆಫರಲ್ ಚೀಟಿಯಲ್ಲಿ ಎಲ್ಲೂ ಇರ್ಲಿಲ್ಲ. ಅದರಲ್ಲಿದ್ದದ್ದು ‘ಜಾರುತ್ತಾರೆ, ಸಹಕರಿಸುವುದಿಲ್ಲ, ಬೆಲ್ಟ್ ಬಿಚ್ಚಲು ಯತ್ನಿಸುತ್ತಾರೆ’ ಅಂತ.

ಸಹಕರಿಸಲ್ಲ ಅನ್ನೋ ಮಾತು ಓದಿದಾಗಲೇ ಬೇಜಾರಾಯ್ತು. ಯಾಕಂದ್ರೆ ಕೂತಲ್ಲಿ ನೋವಾದ್ರೆ ನಾವು ನೀವು ಎದ್ದು ಓಡಾಡ್ತೀವಿ, ಕಾಲು ಮಡಚ್ತೀವಿ, ಪಕ್ಕಕ್ಕೆ ವಾಲ್ತೀವಿ. ಮಾತಿಲ್ಲದ, ಅರ್ಧ ದೇಹ ಆಡದ ಮನುಷ್ಯರಿಗೆ ಉಳಿದಿರೋ ಒಂದೇ ಚಲನೆ ಮುಂದಕ್ಕೆ ಜಾರೋದು. ಅದನ್ನ ಕಟ್ಟಿಹಾಕೋ ಮುಂಚೆ ಅದು ಯಾಕೆ ಅಂತ ಕೇಳ್ಬೇಕಾದ್ದು ನಮ್ಮ ಕೆಲಸ.

ನಾನು ನೋಡೋ ಹೊತ್ತಿಗೆ ಮನೆಯವರು ಪಾಪ ಸುಮಾರು ಉಪಾಯ ಮಾಡಿದ್ರು. ಸೀಟು ಕುಳಿ ಬಿದ್ದಿದೆ ಅಂತ ದಪ್ಪ ಫೋಮ್ ಹಾಕಿದ್ರು, ಬೆನ್ನು ಬಾಗತ್ತೆ ಅಂತ ಬೆನ್ನ ಹಿಂದೆ ದಿಂಬು ಇಟ್ಟಿದ್ರು, ಬಲಪಾದ ಊದತ್ತೆ ಅಂತ ಬಲಗಡೆಯ ಲೆಗ್‌ರೆಸ್ಟನ್ನ ಎತ್ತಿ ಕಾಲು ಮುಂದಕ್ಕೆ ಚಾಚಿಟ್ಟಿದ್ರು, ಫೋಮ್ ಮೇಲೆ ರಬ್ಬರಿನ ಜಾರದ ಮ್ಯಾಟ್ ಹಾಸಿದ್ರು, ಎಲ್ಲಕ್ಕೂ ಮೇಲೆ ಹೊಟ್ಟೆಗೆ ಬೆಲ್ಟ್. ಒಂದೊಂದೂ ಪ್ರೀತಿಯಿಂದ ಮಾಡಿದ್ದೇ. ಆದ್ರೆ ಇವುಗಳಲ್ಲಿ ಹೆಚ್ಚಿನವು ಅಜ್ಜಿಯನ್ನ ಇನ್ನಷ್ಟು ಮುಂದಕ್ಕೆ ದಬ್ತಿದ್ವು, ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲು ಆ ಬೆಲ್ಟ್ ವಿಷಯ ಮುಗಿಸ್ಬೇಕು, ಯಾಕಂದ್ರೆ ಅದು ಅವತ್ತೇ ತೆಗೀಬೇಕಾದಷ್ಟು ಅಪಾಯದ್ದಾಗಿತ್ತು. ಬ್ಯಾಕ್‌ರೆಸ್ಟಿನ ಕೊಳವೆಗೆ ಕಟ್ಟಿ ಹೊಟ್ಟೆಯ ಮೇಲೆ ಅಡ್ಡಕ್ಕೆ ತಂದಿದ್ರು. ಹೊಟ್ಟೆ ಮೆತ್ತಗಿರತ್ತೆ, ಅಲ್ಲಿ ಹಿಡಿಯೋಕೆ ಮೂಳೆ ಇಲ್ಲ, ಹಾಗಾಗಿ ದೇಹ ಬೆಲ್ಟಿನ ಕೆಳಗಿಂದ ಜಾರ್ತಾ ಹೋಗತ್ತೆ, ಬೆಲ್ಟ್ ಮಾತ್ರ ಇದ್ದಲ್ಲೇ ಉಳಿದು ಹೊಟ್ಟೆಯಿಂದ ಪಕ್ಕೆಲುಬಿಗೆ, ಅಲ್ಲಿಂದ ಎದೆಗೆ, ಕೊನೆಗೆ ಕತ್ತಿಗೆ ಬರತ್ತೆ. ಹೀಗೆ ಸಿಕ್ಕಿಹಾಕ್ಕೊಂಡು ಉಸಿರುಗಟ್ಟಿ ಸತ್ತವರಿದ್ದಾರೆ, ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡೋ ಅಮೆರಿಕದ ಸಂಸ್ಥೆ ಎಫ್‌ಡಿಎ 1992ರಲ್ಲೇ ಕಟ್ಟಿಹಾಕೋ ಸಾಧನಗಳ ಅಪಾಯದ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಎದೆಗೂ ಒಂದು ಪಟ್ಟಿ ಸೇರಿಸಿದ್ರೆ ಅಪಾಯ ಹೆಚ್ಚಾಗತ್ತೆ, ಯಾಕಂದ್ರೆ ಪೆಲ್ವಿಸ್, ಅಂದ್ರೆ ಸೊಂಟದ ಬಟ್ಟಲಿನಂಥ ಮೂಳೆ, ನಿಲ್ಲದೆ ಎದೆಯನ್ನ ಮಾತ್ರ ಹಿಡಿದ್ರೆ ಪಟ್ಟಿ ಕತ್ತಿಗೆ ಬರೋಕೆ ದಾರಿ ಇನ್ನೂ ಹತ್ತಿರ. ಇದನ್ನ ಮಗಳಿಗೆ ಖಾಲಿ ಚೇರಲ್ಲಿ ನಾನೇ ಕೂತು ತೋರಿಸ್ದೆ. ಬಾಯಲ್ಲಿ ಹೇಳೋದಕ್ಕಿಂತ ಅದು ಬೇಗ ಅರ್ಥ ಆಗತ್ತೆ, ಬೇರೆ ಥೆರಪಿಸ್ಟ್‌ಗಳಿಗೂ ಇದನ್ನೇ ಮಾಡಿ ಅಂತ ಹೇಳ್ತೀನಿ. ಬೆಲ್ಟ್ ತೆಗೆದ್ವಿ, ಸೀಟಿಂಗ್ ಸರಿಯಾಗೋವರೆಗೆ ಚೇರಲ್ಲಿ ಕೂರೋ ಹೊತ್ತು ಕಮ್ಮಿ ಮಾಡಿ, ಕೂತಿದ್ದಷ್ಟು ಹೊತ್ತು ಯಾರಾದ್ರೂ ಎದುರಿಗಿರ್ಬೇಕು ಅಂತ ಮಾತಾಯ್ತು.

ಆಮೇಲೆ ಏನೂ ಮುಟ್ಟದೆ ಸುಮ್ನೆ ನೋಡ್ತಾ ಕೂತೆ. ಇದು ಅಸೆಸ್‌ಮೆಂಟಿನ ಎಲ್ಲಕ್ಕಿಂತ ಬೆಲೆಬಾಳೋ ಭಾಗ, ಅವಸರದಲ್ಲಿ ನಾವು ಬಿಟ್ಟುಬಿಡೋದೂ ಇದನ್ನೇ. ಆರೈಕೆ ಮಾಡೋ ಹುಡುಗಿ ‘ಅಜ್ಜಿ, ಸ್ವಲ್ಪ ಮೇಲೆ ಬನ್ನಿ’ ಅಂತ ಹಿಂದಿನಿಂದ ಕಂಕುಳಿಗೆ ಕೈಹಾಕಿ ಮೇಲೆತ್ತಿ ಕೂರಿಸಿದ್ರು. ಕೂರಿಸಿದಾಗಲೇ ಪೆಲ್ವಿಸ್ ಹಿಂದಿನವರೆಗೆ ಹೋಗಿರ್ಲಿಲ್ಲ, ದಿಂಬು ಅಡ್ಡ ಇತ್ತು, ಅಂದ್ರೆ ಶುರುವೇ ಅರ್ಧ ಜಾರಿದ ಸ್ಥಿತಿಯಿಂದ. ಬಲಗಾಲು ಮುಂದೆ ಚಾಚಿ ಕಟ್ಟಿದ ಹಾಗಿತ್ತು. ಎಡಗಾಲು ಗಾಳಿಯಲ್ಲಿ ನೇತಾಡ್ತಿತ್ತು. ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು, ಆಮೇಲೆ ಎಡಗಾಲಿನ ಬೆರಳ ತುದಿಯನ್ನ ನೆಲಕ್ಕೆ ತಾಗಿಸೋಕೆ ಚಾಚಿದ್ರು, ತಾಗ್ಲಿಲ್ಲ, ಸೊಂಟವನ್ನ ಚೂರು ಮುಂದಕ್ಕೆ ತಂದ್ರು, ಮತ್ತೆ ಚಾಚಿದ್ರು, ಈ ಸಲ ಹೆಬ್ಬೆರಳು ತಾಗ್ತು, ಅದನ್ನ ಊರಿ ಚೇರ್ ಎಳೆಯೋಕೆ ನೋಡಿದ್ರು, ಚೇರ್ ಅಲ್ಲಾಡ್ಲಿಲ್ಲ, ಅಜ್ಜಿಯೇ ಇನ್ನೊಂದಿಷ್ಟು ಮುಂದೆ ಬಂದ್ರು. ಮುಂದೆ ನೋಡೋ ಅಗತ್ಯ ಇರ್ಲಿಲ್ಲ. ‘ಅಜ್ಜಿ, ಕಾಲು ನೆಲಕ್ಕೆ ಎಟುಕ್ತಿಲ್ವಾ?’ ಅಂತ ಪಾದ ಮುಟ್ಟಿ ಕೇಳ್ದೆ, ಜೋರಾಗಿ ತಲೆ ಆಡಿಸಿದ್ರು. ಅಲ್ಲಿವರೆಗೆ ಅದನ್ನ ಯಾರೂ ಅವರನ್ನೇ ಕೇಳಿರ್ಲಿಲ್ಲ.

ಇಲ್ಲಿ ಪೆಲ್ವಿಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು. ನೆಟ್ಟಗೆ ಕೂತಾಗ ಭಾರ ಬೀಳೋದು ಪೃಷ್ಠದ ಅಡಿಯಲ್ಲಿ ಕೈಗೆ ಸಿಗೋ ಎರಡು ಕೂರೋ ಮೂಳೆಗಳ ಮೇಲೆ ಮತ್ತು ತೊಡೆಗಳ ಮೇಲೆ. ಪೆಲ್ವಿಸ್ ಹಿಂದಕ್ಕೆ ಉರುಳಿದ್ರೆ ಆ ಎರಡು ಮೂಳೆಗಳು ಮುಂದಕ್ಕೆ ಸರೀತವೆ, ಭಾರ ಬೆನ್ನಿನ ಬುಡದ ಸೇಕ್ರಮ್ ಮತ್ತು ಬಾಲಮೂಳೆ ಮೇಲೆ ಬರತ್ತೆ, ಬೆನ್ನು ಗೂನಾಗತ್ತೆ, ತಲೆ ಮುಂದಕ್ಕೆ ಬಾಗತ್ತೆ, ಎದುರಿಗಿರೋದನ್ನ ನೋಡೋಕೆ ಕತ್ತನ್ನ ಹಿಂದಕ್ಕೆ ಮಡಚ್ಬೇಕಾಗತ್ತೆ, ನುಂಗೋದು ಉಸಿರಾಡೋದು ಎರಡೂ ಕಷ್ಟ ಆಗತ್ತೆ. ನಾವು ಜಾರೋದು ಅಂತ ಕರೆಯೋದು ಬಹುಪಾಲು ಈ ಉರುಳೋದರ ಮುಂದಿನ ಹಂತ. ಮೊದಲು ಪೆಲ್ವಿಸ್ ಉರುಳತ್ತೆ, ಆಮೇಲೆ ದೇಹ ಜಾರತ್ತೆ. ಹಾಗಾಗಿ ಜಾರೋದನ್ನ ತಡೆಯೋಕೆ ಹೊರಟವರು ಉರುಳೋದು ಯಾವ ಕಾರಣಕ್ಕೆ ಅಂತ ನೋಡ್ಬೇಕು, ಮುಂದೆ ಅಡ್ಡ ಕಟ್ಟೋದರಿಂದ ಉರುಳೋದು ನಿಲ್ಲಲ್ಲ.

ಬಲಗಾಲನ್ನ ಚಾಚಿಟ್ಟಿದ್ರು ಅಂದ್ನಲ್ಲ, ಅದು ಇಲ್ಲಿ ಸೇರ್ಕೊಳ್ಳತ್ತೆ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಶುರುವಾಗೋದೇ ಆ ಕೂರೋ ಮೂಳೆಯಿಂದ, ಮುಗಿಯೋದು ಮಂಡಿಯ ಕೆಳಗೆ. ಅಂದ್ರೆ ಅದು ಸೊಂಟದ ಕೀಲು ಮಂಡಿ ಎರಡನ್ನೂ ದಾಟಿ ಹೋಗತ್ತೆ. ಕೂತು ಸೊಂಟ ಮಡಚಿದಾಗ ಅದು ಆಗಲೇ ಒಂದು ಕಡೆ ಎಳೆದಿರತ್ತೆ, ಅದರ ಮೇಲೆ ಮಂಡಿಯನ್ನೂ ನೇರ ಮಾಡಿದ್ರೆ ಸ್ನಾಯುವಿಗೆ ಉದ್ದ ಸಾಲಲ್ಲ, ಆಗ ಅದು ಕೂರೋ ಮೂಳೆಯನ್ನ ಮುಂದಕ್ಕೆ ಎಳೆದು ಪೆಲ್ವಿಸನ್ನ ಹಿಂದಕ್ಕೆ ಉರುಳಿಸತ್ತೆ. ಸ್ಟ್ರೋಕ್ ಆದ ಕಡೆ ಸ್ನಾಯು ಬಿಗಿಯಾಗಿರೋದರಿಂದ ಇದು ಇನ್ನೂ ಬೇಗ ಆಗತ್ತೆ. ಊತಕ್ಕೆ ಅಂತ ಎತ್ತಿದ ಲೆಗ್‌ರೆಸ್ಟ್ ಊತಕ್ಕೂ ಅಷ್ಟೇನು ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಕೂತಾಗ ಎಷ್ಟು ಎತ್ತಿದ್ರೂ ಪಾದ ಹೃದಯದ ಮಟ್ಟಕ್ಕಿಂತ ಕೆಳಗೇ ಇರತ್ತೆ. ಊತ ಇಳಿಸೋಕೆ ಮಲಗಿಸಿ ಕಾಲು ಎತ್ತರದಲ್ಲಿಡೋದು ಸರಿ, ಅದಕ್ಕೂ ಮುಂಚೆ ಒಂದೇ ಕಾಲು ಊದ್ತಿದ್ರೆ ರಕ್ತ ಹೆಪ್ಪುಗಟ್ಟಿಲ್ಲ ಅಂತ ಡಾಕ್ಟ್ರು ನೋಡಿರ್ಬೇಕು. ಅಜ್ಜಿಯ ವಿಷಯದಲ್ಲಿ ಡಾಕ್ಟ್ರು ನೋಡಿ ಆ ಭಯ ಇಲ್ಲ ಅಂದ ಮೇಲೇ ನಾವು ಮುಂದುವರಿದದ್ದು.

ಚೇರಿಂದ ಇಳಿಸಿ ಗಟ್ಟಿ ಮಂಚದ ಮೇಲೆ ಮಲಗಿಸಿ ನೋಡಿದ್ದು ಮುಖ್ಯವಾಗಿ ಮೂರು ವಿಷಯ. ಸೊಂಟದ ಕೀಲು ಎಷ್ಟು ಮಡಚತ್ತೆ, ಹಾಗೆ ಮಡಚಿಟ್ಟು ಮಂಡಿ ಎಷ್ಟು ನೇರ ಆಗತ್ತೆ, ಕೂರಿಸಿ ಕೈಲಿ ಹಿಡಿದ್ರೆ ಪೆಲ್ವಿಸ್ ನೆಟ್ಟಗಾಗತ್ತೋ ಇಲ್ವೋ. ಎಡಗಡೆ ಎಲ್ಲ ಸಲೀಸು. ಬಲಗಡೆ ಸೊಂಟ 100 ಡಿಗ್ರಿಗಿಂತ ಚೂರು ಜಾಸ್ತಿನೇ ಮಡಚಿತು, ಒಳ್ಳೇ ಸುದ್ದಿ. ಆದ್ರೆ ಹಾಗೆ ಮಡಚಿಟ್ಟು ಮಂಡಿ ಬಿಡಿಸ್ತಾ ಹೋದ್ರೆ, ಪಾದ ಮಂಡಿಯ ನೇರದಿಂದ ಸ್ವಲ್ಪ ಮುಂದೆ ಬರೋದ್ರೊಳಗೆ ಪೆಲ್ವಿಸ್ ನನ್ನ ಕೈಯಡಿಯಲ್ಲಿ ಉರುಳೋಕೆ ಶುರುವಾಯ್ತು. ಅಂದ್ರೆ ಈ ಅಜ್ಜಿಗೆ ಬಲಪಾದ ಮಂಡಿಯ ಕೆಳಗೇ ಇರ್ಬೇಕು, ಅದರಾಚೆ ಚಾಚಿದ್ರೆ ಯಾವ ಕುಶನ್ನೂ ಯಾವ ಬೆಲ್ಟೂ ಪೆಲ್ವಿಸನ್ನ ನಿಲ್ಲಿಸಲ್ಲ. ಮಂಚದ ಅಂಚಲ್ಲಿ ಪಾದ ಊರಿಸಿ ಕೂರಿಸಿ, ಸೊಂಟದ ಎರಡೂ ಕಡೆ ಹಿಡಿದು ನಿಧಾನಕ್ಕೆ ಮುಂದಕ್ಕೆ ತಿರುಗಿಸಿದಾಗ ಪೆಲ್ವಿಸ್ ನೆಟ್ಟಗಾಯ್ತು, ಬೆನ್ನು ಎದ್ದಿತು, ಅಜ್ಜಿ ತಲೆಯೆತ್ತಿ ನೋಡಿದ್ರು. ಗೂನು ಗಟ್ಟಿಯಾಗಿ ಕೂತಿಲ್ಲ, ಸರಿಮಾಡೋಕೆ ಬರತ್ತೆ ಅನ್ನೋದು ಅಲ್ಲಿ ಖಾತ್ರಿಯಾಯ್ತು.

ಇದರ ಜೊತೆಗೆ ಚರ್ಮ ನೋಡ್ಲೇಬೇಕು. ಸೇಕ್ರಮ್ ಮೇಲೆ ಕೆಂಪು ಕಲೆ ಇತ್ತು, ಬೆರಳಲ್ಲಿ ಒತ್ತಿ ಬಿಟ್ರೆ ಬಿಳಿಚಿಕೊಳ್ತಿರ್ಲಿಲ್ಲ, ಅದು ಒತ್ತಡದ ಹುಣ್ಣಿನ ಮೊದಲ ಹಂತ. ಹುಣ್ಣಿನ ಅಪಾಯ ಅಳೆಯೋ ಬ್ರೇಡನ್ ಸ್ಕೇಲಲ್ಲಿ ಉಜ್ಜಾಟ ಮತ್ತು ಶಿಯರ್ (ಚರ್ಮ ಇದ್ದಲ್ಲೇ ಉಳಿದು ಒಳಗಿನ ಮೂಳೆ ಸರಿಯೋದು) ಅನ್ನೋದೇ ಒಂದು ಬೇರೆ ವಿಭಾಗ, ಅದರಲ್ಲಿ ಹಾಸಿಗೆಯಲ್ಲೋ ಕುರ್ಚಿಯಲ್ಲೋ ಪದೇ ಪದೇ ಜಾರೋರು, ಅವರನ್ನ ಪದೇ ಪದೇ ಎತ್ತಿ ಕೂರಿಸ್ಬೇಕಾಗೋದು, ಇದಕ್ಕೆ ಸಿಗೋದು ಎಲ್ಲಕ್ಕಿಂತ ಕೆಟ್ಟ ಅಂಕ 1. ಅಂದ್ರೆ ಜಾರೋದು ಬೀಳೋ ಅಪಾಯ ಮಾತ್ರ ಅಲ್ಲ, ಬೀಳದೇ ಇದ್ರೂ ಅದು ಚರ್ಮದ ಒಳಗೆ ಕೆಲಸ ಮಾಡ್ತಿರತ್ತೆ. ರಬ್ಬರ್ ಮ್ಯಾಟ್ ಹಾಕಿದ್ದು ಯಾಕೆ ತಪ್ಪಾಯ್ತು ಅನ್ನೋದಕ್ಕೂ ಇದೇ ಉತ್ತರ. ಮ್ಯಾಟ್ ಬಟ್ಟೆಯನ್ನ, ಬಟ್ಟೆ ಚರ್ಮವನ್ನ ಹಿಡ್ಕೊಳ್ಳತ್ತೆ, ಆದ್ರೆ ಒಳಗಿನ ಮೂಳೆ ಜಾರೋದು ನಿಂತಿರಲ್ಲ, ಮೂಳೆಗೂ ಚರ್ಮಕ್ಕೂ ನಡುವಿನ ಮಾಂಸ ತಿರುಚ್ಕೊಂಡು ಸಣ್ಣ ರಕ್ತನಾಳಗಳು ಮುಚ್ಚಿಹೋಗ್ತವೆ. ಹೊರಗಿಂದ ನೋಡೋರಿಗೆ ಜಾರೋದು ಕಮ್ಮಿಯಾದ ಹಾಗೆ ಕಾಣತ್ತೆ. ಇದು ನಂಗೆ ತುಂಬಾ ಚಿಂತೆ ಮಾಡಿಸೋ ವಿಷಯ, ಯಾಕಂದ್ರೆ ಜಾರದ ಮ್ಯಾಟ್ ಸುಲಭಕ್ಕೆ ಸಿಗತ್ತೆ, ಎಲ್ಲರೂ ಮೊದಲು ಅದನ್ನೇ ಹಾಕ್ತಾರೆ. ಅದರ ಜಾಗ ಕುಶನ್ನಿನ ಕೆಳಗೆ, ಕುಶನ್ ಸರಿಯದ ಹಾಗೆ ಹಿಡಿಯೋಕೆ. ಮನುಷ್ಯರನ್ನ ಹಿಡಿಯೋಕೆ ಅಲ್ಲ.

ಈಗ ಅಳತೆ. ಅಜ್ಜಿ ನೆಟ್ಟಗೆ ಕೂತಾಗ ಪೃಷ್ಠದ ಹಿಂಭಾಗದಿಂದ ಮಂಡಿಯ ಹಿಂಭಾಗದವರೆಗೆ 43 ಸೆಂಟಿಮೀಟರ್, ಚೇರಿನ ಸೀಟಿನ ಆಳವೂ 43. ಸಮ ಇದೆ ಅಲ್ವಾ, ಸರಿಯಾಗೇ ಇದೆ ಅಂದ್ರು ಮಗ. ಸಮ ಇದ್ರೇನೇ ತೊಂದ್ರೆ. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಬೆರಳಿನಷ್ಟಾದ್ರೂ ಜಾಗ ಬೇಕು, ಕಾಲಿಂದ ಚೇರ್ ಎಳ್ಕೊಳ್ಳೋರಿಗೆ ಇನ್ನೂ ಸ್ವಲ್ಪ ಜಾಸ್ತಿನೇ. ಇಲ್ದಿದ್ರೆ ಅಂಚು ಮೀನಖಂಡಕ್ಕೆ ಒತ್ತತ್ತೆ, ಮಂಡಿ ಮಡಚೋಕಾಗಲ್ಲ, ಮಂಡಿ ಮಡಚೋಕೆ ಅಂತಾನೇ ದೇಹ ಮುಂದೆ ಸರಿಯತ್ತೆ. ಎತ್ತರದ್ದು ಇನ್ನೂ ದೊಡ್ಡ ಎಡವಟ್ಟು. ಚಪ್ಪಲಿ ಸೇರಿ ಮಂಡಿಯ ಹಿಂಭಾಗದಿಂದ ಹಿಮ್ಮಡಿಯ ತಳದವರೆಗೆ ಅಜ್ಜಿಗೆ 43 ಸೆಂಟಿಮೀಟರ್. ಚೇರಿನ ಸೀಟು ನೆಲದಿಂದ 51, ದೊಡ್ಡವರ ಸಾಮಾನ್ಯ ವೀಲ್‌ಚೇರ್‌ಗಳು ಬರೋದೇ ಸುಮಾರು ಅಷ್ಟು ಎತ್ತರಕ್ಕೆ, ಅದರ ಮೇಲೆ ಫೋಮ್, ಕೂತು ಒತ್ತಿದ ಮೇಲೂ ಒಟ್ಟು 54. ಹಿಮ್ಮಡಿಗೂ ನೆಲಕ್ಕೂ ನಡುವೆ 11 ಸೆಂಟಿಮೀಟರ್ ಖಾಲಿ. ಆ ಖಾಲಿಯನ್ನ ಅಜ್ಜಿ ಸೊಂಟ ಜಾರಿಸಿ ತುಂಬ್ತಿದ್ರು. ಮನೆಯವರು ಆರಾಮಕ್ಕೆ ಅಂತ ದಪ್ಪ ಫೋಮ್ ಹಾಕಿದಷ್ಟೂ ಜಾರೋದು ಜಾಸ್ತಿಯಾಗಿದ್ದು ಇದಕ್ಕೇ.

ಸೀಟಿನ ಬಟ್ಟೆ ಬಗ್ಗೆಯೂ ಒಂದು ಮಾತು. ಗಣಿ ಅಪಘಾತದಲ್ಲಿ ಬೆನ್ನುಮೂಳೆ ಮುರಿದು ಕಾಲಿನ ಶಕ್ತಿ ಕಳ್ಕೊಂಡಿದ್ದ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್ ಮತ್ತು ಅವರ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಸೇರಿ 1930ರ ದಶಕದಲ್ಲಿ ಕಾರಲ್ಲಿ ಇಡೋ ಹಾಗೆ ಮಡಚೋ ವೀಲ್‌ಚೇರ್ ಮಾಡಿದ್ರು, ಅಡಿಯಲ್ಲಿ ಕತ್ತರಿಯಾಕಾರದ ಅಡ್ಡಪಟ್ಟಿ, ಮೇಲೆ ಬಟ್ಟೆಯ ಸೀಟು. ಮಡಚೋಕೆ ಬಟ್ಟೆ ಬೇಕಿತ್ತು, ಅಷ್ಟೇ. ಇವತ್ತಿಗೂ ಹೆಚ್ಚಿನ ಚೇರ್‌ಗಳು ಅದೇ ವಿನ್ಯಾಸ, ಕೆಲಕಾಲಕ್ಕೆ ಬಟ್ಟೆ ಜೋಲಿಯಾಗತ್ತೆ, ತೊಡೆಗಳು ಒಳಕ್ಕೆ ತಿರುಗ್ತವೆ, ಪೆಲ್ವಿಸ್ ಒಂದು ಕಡೆ ವಾಲತ್ತೆ, ಬೆನ್ನಿನ ಬಟ್ಟೆಯೂ ಜೋತು ಗೂನನ್ನ ಒಳಗೆ ಕರ್ಕೊಳ್ಳತ್ತೆ. ಒಬ್ಬರನ್ನ ಆಚೆ ಈಚೆ ಸಾಗಿಸೋಕೆ ಅದು ಸಾಕು, ದಿನವಿಡೀ ಕೂರೋಕೆ ಅಲ್ಲ.

ಬದಲಾವಣೆಗಳನ್ನ ಒಂದೊಂದಾಗೇ ಮಾಡಿದ್ವಿ, ಒಟ್ಟಿಗೆ ಮಾಡಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಮೊದಲು ಎತ್ತಿದ ಲೆಗ್‌ರೆಸ್ಟ್ ತೆಗೆದು ಸಾಮಾನ್ಯದ್ದು ಹಾಕಿ, ಫುಟ್‌ಪ್ಲೇಟನ್ನ ಮುಂದಿನ ಸಣ್ಣ ಚಕ್ರ ತಿರುಗೋಕೆ ಅಡ್ಡಿಯಾಗದಷ್ಟು ಹಿಂದಕ್ಕೆ ತಂದ್ವಿ, ಬೆನ್ನ ಹಿಂದಿನ ದಿಂಬು ತೆಗೆದ್ವಿ. ಅವತ್ತೇ ವ್ಯತ್ಯಾಸ ಕಾಣಿಸ್ತು, ಜಾರೋದು ನಿಲ್ಲದಿದ್ರೂ ನಿಧಾನ ಆಯ್ತು. ಎಡಗಡೆಯ ಫುಟ್‌ರೆಸ್ಟ್ ಪೂರ್ತಿ ತೆಗೆದಿಟ್ವಿ, ಓಡಾಡೋ ಕಾಲಿಗೆ ಅದು ಬರೀ ಅಡ್ಡ. ಆದ್ರೆ ಬೇರೆಯವರು ಚೇರ್ ತಳ್ಳೋವಾಗ ಅದನ್ನ ಮತ್ತೆ ಹಾಕಿ ಪಾದ ಇಡಿಸ್ಬೇಕು, ಇಲ್ದಿದ್ರೆ ಕಾಲು ಅಡಿಗೆ ಸಿಗತ್ತೆ.

ಆಮೇಲೆ ಎತ್ತರ. ಅದೃಷ್ಟಕ್ಕೆ ಆ ಚೇರಲ್ಲಿ ಹಿಂದಿನ ಚಕ್ರದ ಆಕ್ಸಲ್‌ಗೆ, ಅಂದ್ರೆ ಅಚ್ಚಿಗೆ, ಎರಡು ತೂತು, ಮುಂದಿನ ಚಕ್ರಕ್ಕೂ ಎರಡು ಮಟ್ಟ ಇತ್ತು, ಎರಡನ್ನೂ ಬದಲಿಸಿದಾಗ ಸೀಟು 45ಕ್ಕೆ ಇಳಿದಿತ್ತು. ಮುಂದೆ ಹಿಂದೆ ಎರಡೂ ಸಮ ಇಳಿಸ್ಬೇಕು, ಹಿಂದೆ ಮಾತ್ರ ಇಳಿಸಿದ್ರೆ ಮುಂದಿನ ಚಕ್ರ ತಿರುಗೋದು ಬಿಗಿಯಾಗತ್ತೆ, ಚೇರ್ ಹಿಂದಕ್ಕೆ ಪಲ್ಟಿಯಾಗೋ ಸಂಭವವೂ ಇದೆ. ಜೋತ ಬಟ್ಟೆ ತೆಗೆದು ಫ್ರೇಮಿನ ಎರಡು ಪೈಪಿಗೆ ಕೊಕ್ಕೆ ಹಾಕಿ ಐದು ಸೆಂಟಿಮೀಟರ್ ಕೆಳಗೆ ನಿಲ್ಲೋ ಗಟ್ಟಿ ಹಲಗೆ ಕೂರಿಸಿದ್ವಿ, ಅದರ ಮೇಲೆ ಕುಶನ್, ಕೂತ ಮೇಲೆ ಸುಮಾರು 44. ಒಂದು ಸೆಂಟಿಮೀಟರ್ ಇನ್ನೂ ಜಾಸ್ತಿ ಇತ್ತು, ಅದಕ್ಕೆ ಕುಶನ್ನಿನ ಎಡ ಮುಂಭಾಗದ ಅಂಚನ್ನ ಅಡಿಯಿಂದ ಕೊರೆದು ತಗ್ಗಿಸಿದ್ವಿ, ತೊಡೆ ಅಲ್ಲಿ ಇಳಿಯತ್ತೆ, ಹಿಮ್ಮಡಿ ಊರತ್ತೆ. ಆಳವನ್ನ 38ಕ್ಕೆ ಇಳಿಸಿದ್ವಿ.

ಕುಶನ್ ಆರಿಸೋವಾಗ ಮುಂದೆ ಎತ್ತರ ಇದ್ದು ಹಿಂದಕ್ಕೆ ಇಳಿಜಾರಾಗೋ ವೆಜ್ ಕುಶನ್ ಹಾಕಿ ಅನ್ನೋ ಸಲಹೆ ಮೊದಲೇ ಮನೆಗೆ ಬಂದಿತ್ತು. ಅಜ್ಜಿಗೆ ಅದು ಆಗಲ್ಲ, ಮುಂದೆ ಎತ್ತರಿಸಿದ್ರೆ ನೆಲ ಮತ್ತೆ ದೂರ. ನಾವು ಹಾಕಿದ್ದು ಹಿಂದೆ ಕೂರೋ ಮೂಳೆಗಳಿಗೆ ತಗ್ಗು, ಅದರ ಮುಂದೆ ತೊಡೆ ಶುರುವಾಗೋ ಜಾಗದಲ್ಲಿ ಸಣ್ಣ ದಿಣ್ಣೆ ಇರೋ ಕುಶನ್, ಮೂಳೆಗಳು ತಗ್ಗಲ್ಲಿ ಕೂತ್ರೆ ದಿಣ್ಣೆ ಅವುಗಳನ್ನ ಮುಂದಕ್ಕೆ ಬಿಡಲ್ಲ. ಇದು ಕೆಲಸ ಮಾಡ್ಬೇಕಂದ್ರೆ ಪೆಲ್ವಿಸ್ ಪೂರ್ತಿ ಹಿಂದೆ ಇರ್ಬೇಕು, ಅರ್ಧಕ್ಕೆ ಕೂತ್ರೆ ಮೂಳೆ ದಿಣ್ಣೆಯ ಮೇಲೇ ಕೂತು ಇನ್ನೂ ಬೇಗ ಜಾರತ್ತೆ. ಬೆನ್ನಿಗೆ ಅಡ್ಡಪಟ್ಟಿಗಳನ್ನ ಬೇರೆ ಬೇರೆಯಾಗಿ ಬಿಗಿಮಾಡೋಕೆ ಬರೋ ಬ್ಯಾಕ್‌ರೆಸ್ಟ್, ಪೆಲ್ವಿಸಿನ ಮೇಲ್ಭಾಗಕ್ಕೆ ಬರೋ ಪಟ್ಟಿ ಬಿಗಿ, ಅದರ ಕೆಳಗಿನದ್ದು ಸಡಿಲ. ಕೆಳಗಡೆ ಪೃಷ್ಠಕ್ಕೆ ಜಾಗ ಬಿಡದೆ ಬೆನ್ನನ್ನ ಗಟ್ಟಿ ಮಾಡಿದ್ರೆ ಬ್ಯಾಕ್‌ರೆಸ್ಟೇ ಪೃಷ್ಠವನ್ನ ಮುಂದಕ್ಕೆ ದಬ್ಬತ್ತೆ, ದಿಂಬು ಮಾಡ್ತಿದ್ದದ್ದು ಅದನ್ನೇ. ಹಲಗೆ ಕೆಳಗಿಳಿದಿದ್ದರಿಂದ ಆರ್ಮ್‌ರೆಸ್ಟ್ ಎತ್ತರ ಆಯ್ತು, ಅದನ್ನೂ ತಗ್ಗಿಸಿ, ಬಲಗೈಗೆ ಅಗಲವಾದ ಆಸರೆ ಹಾಕಿದ್ವಿ, ಕೈ ಜೋತುಬಿದ್ರೆ ಭುಜದ ಕೀಲು ಸಡಿಲ ಆಗತ್ತೆ, ಇಡೀ ಮೈ ಆ ಕಡೆಗೇ ವಾಲತ್ತೆ.

ಕಂಕುಳಿಗೆ ಕೈಹಾಕಿ ಎತ್ತೋದನ್ನ ನಿಲ್ಲಿಸೋದು ಚೇರ್ ಸರಿಮಾಡಿದಷ್ಟೇ ಮುಖ್ಯ ಆಗಿತ್ತು. ಬಲಭುಜಕ್ಕೆ ಆಗಲೇ ನೋವಿತ್ತು, ಪ್ರತಿಸಲ ಎತ್ತಿದಾಗಲೂ ಅಜ್ಜಿ ಮುಖ ಕಿವುಚ್ತಿದ್ರು, ಅದನ್ನೂ ಅಸಹಕಾರ ಅಂತಾನೇ ಬರ್ಕೊಂಡಿದ್ರು. ಹೊಸ ರೀತಿ ಹೀಗೆ, ಬ್ರೇಕ್ ಹಾಕಿ ಎದುರಿಗೆ ಕೂತು, ಪಾದಗಳನ್ನ ಹಿಂದಕ್ಕೆ ತಂದು, ಬಲಗೈಯನ್ನ ಮಡಿಲಲ್ಲಿ ಇಟ್ಟು, ಅಜ್ಜಿಯನ್ನ ಮುಂದಕ್ಕೆ ಬಾಗಿಸೋದು, ಮೂಗು ಪಾದದ ನೇರಕ್ಕೆ ಬರೋ ಹಾಗೆ, ಭಾರ ಪಾದಕ್ಕೆ ಬಂದಾಗ ಮಂಡಿಗೆ ನಮ್ಮ ಮಂಡಿ ಆನಿಸಿ ಒಂದೊಂದೇ ಕಡೆ ಸೊಂಟ ಹಿಂದಕ್ಕೆ ಸರಿಸೋದು. ಎಡಗಡೆ ಅಜ್ಜಿಯೇ ಸರಿಸ್ಕೊಳ್ತಾರೆ. ಆ ಹುಡುಗಿ ಇದನ್ನ ಬೇಗ ಕಲಿತ್ರು, ಅವರಿಗೂ ಬೆನ್ನುನೋವು ಬರ್ತಿತ್ತಂತೆ.

ಬೆಲ್ಟ್ ಕೊನೆಗೆ ಬಂತು. ಸೀಟಿನ ಪೈಪಿಗೆ ಕಟ್ಟಿ, ತೊಡೆಸಂದಿಯಲ್ಲಿ, ಪೆಲ್ವಿಸಿನ ಮುಂದಿನ ಮೂಳೆಗಳ ಕೆಳಗೆ, ಸೀಟಿಗೆ ಸುಮಾರು 60 ಡಿಗ್ರಿ ಕೋನದಲ್ಲಿ, ಎಡಗೈಲಿ ಅಜ್ಜಿಯೇ ಒತ್ತಿ ಬಿಚ್ಚೋಕೆ ಬರೋ ಬಕಲ್. ಅವರಿಗೇ ಬಿಚ್ಚೋಕೆ ಬರ್ದಿದ್ರೆ ಅದು ಕಟ್ಟಿಹಾಕಿದ ಹಾಗೆ, ಅದನ್ನ ಸುರಕ್ಷತೆ ಅಂತ ಕರೆಯೋಕೆ ನಂಗೆ ಮನಸ್ಸು ಒಪ್ಪಲ್ಲ. ಬೆಲ್ಟ್ ಇಲ್ಲದೇನೇ ಅಜ್ಜಿ ಸರಿಯಾಗಿ ಕೂರ್ತಾರಾ ಅಂತ ಮೊದಲು ನೋಡ್ಕೊಂಡು ಆಮೇಲೆ ಹಾಕಿದ್ದು. ಕಾಲಿಂದ ಎಳ್ಕೊಳ್ಳೋವಾಗ ಅದೇ ಹ್ಯಾಮ್‌ಸ್ಟ್ರಿಂಗ್ ಪೆಲ್ವಿಸನ್ನ ಪ್ರತಿ ಹೆಜ್ಜೆಗೂ ಚೂರು ಮುಂದಕ್ಕೆ ತರತ್ತೆ, ಆ ಚೂರಿಗೆ ಬೆಲ್ಟ್ ಸಹಾಯ, ಅಷ್ಟೇ ಅದರ ಕೆಲಸ.

ಇಷ್ಟೆಲ್ಲ ಆದ ಮೇಲೆ ಬೆಳಗಿನ ಹೊತ್ತು ಜಾರೋದು ಹೆಚ್ಚುಕಮ್ಮಿ ನಿಂತೇಹೋಯ್ತು, ಅಜ್ಜಿ ತಾವೇ ಕಿಟಕಿವರೆಗೆ ಹೋಗಿ ಬರ್ತಿದ್ರು. ಆದ್ರೆ ಸಂಜೆ ಮಾತ್ರ ಇನ್ನೂ ಜಾರ್ತಾರೆ ಅಂದ್ರು ಮಗಳು. ಚೇರ್ ಅದೇ, ಕುಶನ್ ಅದೇ, ಹಾಗಾದ್ರೆ ಕಾರಣ ಬೇರೆ ಇರ್ಬೇಕು ಅಂತ ಒಂದು ಹಾಳೆ ಕೊಟ್ಟು, ಯಾವ ಹೊತ್ತು ಜಾರಿದ್ರು, ಅದಕ್ಕೆ ಮುಂಚೆ ಎಷ್ಟು ಹೊತ್ತಿಂದ ಕೂತಿದ್ರು, ಯಾವ ಕಡೆಗೆ ಜಾರಿದ್ರು, ಕೊನೆಗೆ ಟಾಯ್ಲೆಟ್‌ಗೆ ಹೋಗಿದ್ದು ಯಾವಾಗ ಅಂತ ಬರೀರಿ ಅಂದೆ. ತುಂಬ್ಕೊಂಡು ಬಂದ ಹಾಳೆಯಲ್ಲಿ ಎರಡು ಬೇರೆ ಬೇರೆ ವಿಷಯ ಇದ್ವು. ಕೆಲವು ಸಲ ನಿಧಾನಕ್ಕೆ ಬಲಗಡೆಗೆ ವಾಲಿ ಕೆಳಗಿಳೀತಿದ್ರು, ಅದು ಬಹಳ ಹೊತ್ತು ಕೂತ ಮೇಲೆ, ಸುಸ್ತು. ಇನ್ನು ಕೆಲವು ಸಲ ಇದ್ದಕ್ಕಿದ್ದ ಹಾಗೆ ನೇರ ಮುಂದಕ್ಕೆ ಬಂದು ಬೆಲ್ಟ್ ಬಿಚ್ತಿದ್ರು, ಅದು ಟಾಯ್ಲೆಟ್‌ಗೆ ಹೋಗಿ ಬಹಳ ಹೊತ್ತಾದ ಮೇಲೆ. ಅದು ಜಾರೋದಾಗಿರ್ಲಿಲ್ಲ, ಎದ್ದು ಹೋಗೋಕೆ ನೋಡ್ತಿದ್ರು. ಹೇಳೋಕೆ ಮಾತಿಲ್ಲ, ಹೋಗ್ಲೇಬೇಕು, ಇನ್ನೇನು ಮಾಡ್ಬೇಕು ಅವರು? ಮಧ್ಯಾಹ್ನ ಮಲಗಿಸಿ ಕಾಲು ಎತ್ತರಕ್ಕಿಟ್ಟು ವಿಶ್ರಾಂತಿ, ಟಾಯ್ಲೆಟ್‌ಗೆ ಹೊತ್ತು ಗೊತ್ತುಮಾಡಿ ಮನೆಯವರೇ ಮೊದಲು ಕೇಳೋದು, ಆರ್ಮ್‌ರೆಸ್ಟಿಗೆ ಟಾಯ್ಲೆಟ್ ಚಿತ್ರ ಅಂಟಿಸಿ ಅಜ್ಜಿ ಬೆರಳಿಟ್ಟು ತೋರಿಸೋದು, ಇವಿಷ್ಟಕ್ಕೆ ಸಂಜೆಯದ್ದೂ ಬಹುಮಟ್ಟಿಗೆ ಹೋಯ್ತು. ಮೂತ್ರಕೋಶ ತುಂಬಿರೋದು, ಮಲಬದ್ಧತೆ, ಉಗುರು ಚುಚ್ಚೋದು ಇವೆಲ್ಲ ಸ್ನಾಯುಗಳ ಬಿಗಿತವನ್ನೂ ಏರಿಸ್ತವೆ ಅನ್ನೋದು ನೆನಪಿರ್ಲಿ, ಇದ್ದಕ್ಕಿದ್ದ ಹಾಗೆ ಜಾರೋದು ಜಾಸ್ತಿಯಾದ್ರೆ ಚೇರ್ ಮುಟ್ಟೋ ಮುಂಚೆ ಇವನ್ನ ನೋಡಿ.

ಇದೇ ಜೋಡಣೆಯನ್ನ ಇನ್ನೊಬ್ಬರಿಗೆ ಹಾಗೇ ಎತ್ತಿ ಹಾಕ್ಬೇಡಿ. ಸೊಂಟದ ಕೀಲು 90ರವರೆಗೂ ಮಡಚದೇ ಇರೋರನ್ನ ನೆಟ್ಟಗಿನ ಬ್ಯಾಕ್‌ರೆಸ್ಟಲ್ಲಿ ಕೂರಿಸಿದ್ರೆ ಪೆಲ್ವಿಸ್ ಉರುಳ್ಲೇಬೇಕು, ಅವರಿಗೆ ಬೆನ್ನಿನ ಕೋನವನ್ನೇ ತೆರೀಬೇಕು. ಗೂನು ಗಟ್ಟಿಯಾಗಿ ಕೂತುಬಿಟ್ಟಿದ್ರೆ ನೆಟ್ಟಗೆ ಮಾಡೋಕೆ ಹೋಗದೆ ಆ ಆಕಾರಕ್ಕೇ ಆಸರೆ ಕೊಡ್ಬೇಕು. ತಮ್ಮಷ್ಟಕ್ಕೆ ಕೂರೋಕೇ ಆಗದವರಿಗೆ ಇಡೀ ಸೀಟು ಒಟ್ಟಿಗೆ ಹಿಂದಕ್ಕೆ ವಾಲೋ ಟಿಲ್ಟ್ ಚೇರ್ ಬೇಕಾಗತ್ತೆ. ಬೆನ್ನು ಮಾತ್ರ ಹಿಂದಕ್ಕೆ ಹೋಗೋ ರಿಕ್ಲೈನ್ ಬೇರೆ, ಅದು ಒಂದೇ ಇದ್ರೆ ಜಾರೋದು ಹೆಚ್ಚಾಗತ್ತೆ, ಎರಡೂ ಇದ್ರೆ ಮೊದಲು ಟಿಲ್ಟ್ ಆಮೇಲೆ ರಿಕ್ಲೈನ್, ವಾಪಸ್ ಬರೋವಾಗ ಮೊದಲು ರಿಕ್ಲೈನ್ ಏಳಿಸಿ ಕೊನೆಗೆ ಟಿಲ್ಟ್ ಇಳಿಸೋದು.

ಎಲ್ಲ ಸಲೀಸಾಯ್ತು ಅಂತಲ್ಲ. ಸೀಟು ತಗ್ಗಾಗಿದ್ರಿಂದ ಅಲ್ಲಿಂದ ಎದ್ದು ನಿಲ್ಲೋಕೆ ಅಜ್ಜಿಗೆ ಮೊದಲಿಗಿಂತ ಜಾಸ್ತಿ ಸಹಾಯ ಬೇಕು. ಬಲಗಡೆ ಫುಟ್‌ಪ್ಲೇಟ್ ನೆಲಕ್ಕೆ ತಾಗದ ಹಾಗೆ ಎತ್ತರದಲ್ಲಿ ಇಡ್ಬೇಕಾಗಿ ಬಲಮಂಡಿ ಎಡಕ್ಕಿಂತ ಮೇಲಿದೆ, ಸೊಂಟ 100ರವರೆಗೆ ಮಡಚೋದರಿಂದ ಈಗ ನಡೀತಿದೆ, ಆ ಕೀಲು ಮುಂದೆ ಬಿಗಿಯಾದ್ರೆ ಈ ಲೆಕ್ಕ ತಪ್ಪತ್ತೆ. ಹಲಗೆ ತೆಗೀದೆ ಚೇರ್ ಮಡಚೋಕೆ ಬರಲ್ಲ, ಹೊರಗೆ ಹೋಗೋವಾಗ ಮಗನಿಗೆ ಅದು ರಗಳೆ. ಇವನ್ನೆಲ್ಲ ಮೊದಲೇ ಹೇಳಿ, ಅವರು ಒಪ್ಪಿದ ಮೇಲೇ ಮಾಡಿದ್ದು. ಸೇಕ್ರಮ್ ಮೇಲಿನ ಕೆಂಪು ಹೋಗಿದೆ, ದಿನಾ ಮಲಗಿಸೋವಾಗ ಈಗಲೂ ನೋಡ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ವೀಲ್‌ಚೇರ್ ಕೊಡೋದರ ಬಗ್ಗೆ ಹೊರತಂದ ಮಾರ್ಗಸೂಚಿಯಲ್ಲಿ ಎಂಟು ಹಂತ ಇದ್ವು, ಎಂಟನೇದು ನಿರ್ವಹಣೆ, ರಿಪೇರಿ, ಫಾಲೋಅಪ್. ನಮ್ಮಲ್ಲಿ ಹೆಚ್ಚಾಗಿ ಬಿಟ್ಟುಹೋಗೋದು ಆ ಎಂಟನೇದೇ. ಈ ಪ್ರಕರಣದಲ್ಲಿ ಫಾಲೋಅಪ್ ಇಲ್ಲದಿದ್ರೆ ಸಂಜೆಯ ವಿಷಯ ಹೊರಗೇ ಬರ್ತಿರ್ಲಿಲ್ಲ, ಮತ್ತೆ ಬೆಲ್ಟಿಗೇ ಹೋಗಿ ನಿಲ್ತಿತ್ತು. ಕೆಲ ಸಮಯದ ನಂತರ ಒಂದಿನ ಅಜ್ಜಿ ಮತ್ತೆ ಬೆಳಗ್ಗೆನೇ ಜಾರೋಕೆ ಶುರುಮಾಡಿದ್ರು, ಆರೈಕೆಯ ಹುಡುಗಿನೇ ಕುಶನ್ ತೆಗೆದು ನೋಡಿ ಕಂಡುಹಿಡಿದ್ರು, ಕವರ್ ಒಗೆದು ವಾಪಸ್ ಹಾಕೋವಾಗ ಯಾರೋ ಹಿಂದುಮುಂದಾಗಿ ಹಾಕಿದ್ರು, ದಿಣ್ಣೆ ಹಿಂದಕ್ಕೆ, ತಗ್ಗು ಮುಂದಕ್ಕೆ. ಈಗ ಕುಶನ್ನಿನ ಹಿಂದಿನ ಅಂಚಿಗೆ ಹಳದಿ ಟೇಪ್ ಹೊಲಿದಿದ್ದಾರೆ, ಹಲಗೆಯ ಹಿಂದೂ ಒಂದು ಹಳದಿ ಗುರುತು, ಎರಡೂ ಒಂದೇ ಕಡೆ ಬರ್ಬೇಕು. ಮುಂದಿನ ಭೇಟಿಯಲ್ಲಿ ಬಲ ಹ್ಯಾಮ್‌ಸ್ಟ್ರಿಂಗ್ ಎಷ್ಟು ಬಿಗಿಯಾಗಿದೆ, ಫೋಮ್ ಎಷ್ಟು ಕೂತಿದೆ, ಹಲಗೆಯ ಕೊಕ್ಕೆಗಳ ಸ್ಕ್ರೂ ಸಡಿಲ ಆಗಿದ್ಯಾ ಅಂತ ನೋಡೋದಿದೆ.